ಶ್ಟೊಲೆನ್: ಸ್ಯಾಕ್ಸನಿಯ ಕ್ರಿಸ್‌ಮಸ್ ಬ್ರೆಡ್ಡು

ಶ್ಟೊಲೆನ್ ಜರ್ಮನಿಯಲ್ಲಿ, ಅದರಲ್ಲೂ ಪೂರ್ವಭಾಗದ ಸ್ಯಾಕ್ಸನಿ ಪ್ರಾಂತದಲ್ಲಿ, ಕ್ರಿಸ್‌ಮಸ್ಸಿಗೆಂದು ಮಾಡುವ ಸಿಹಿ ಬ್ರೆಡ್ಡು. ಗೋದಿಯ ಬಿಳಿ ಹಿಟ್ಟನ್ನು ಯೀಸ್ಟ್ ಹಾಕಿ ಹುದುಗಿಸಿ, ಅದಕ್ಕೆ ಬೆಣ್ಣೆ, ರಮ್ಮಿನಲ್ಲಿ ನೆನೆದ ಒಣದ್ರಾಕ್ಷಿ, ಸಕ್ಕರೆ ಪಾಕದಲ್ಲಿ ಊರಿದ ಕಿತ್ತಳೆ ಮತ್ತು ನಿಂಬೆ ಜಾತಿಯ ಸಿಪ್ಪೆಯ ಚೂರು, ಬಾದಾಮಿ, ಜಾಪತ್ರೆ, ಏಲಕ್ಕಿಗಳನ್ನು ಕೂಡಿಸಿ, ಉದ್ದನೆಯ ದಿಂಡಿನಂತೆ ಮಡಚಿ ಬೇಯಿಸುತ್ತಾರೆ. ಒಲೆಯಿಂದ ಇಳಿದ ಕೂಡಲೇ ಕರಗಿದ ಬೆಣ್ಣೆ ಸವರಿ, ಮೇಲೆ ಪುಡಿಸಕ್ಕರೆಯನ್ನು ದಟ್ಟವಾಗಿ ಉದುರಿಸುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಹಸುಗೂಸಿನ ಹಾಗೆ ಕಾಣುವ ಈ ಆಕಾರ ಬಾಲಯೇಸುವಿನದು ಎಂದು ಅಲ್ಲಿನ ಜನ ಹೇಳುತ್ತಾರೆ. ಇದರ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಬೆಣ್ಣೆಯ ಕಥೆಯಿಂದಲೇ ಶುರುಮಾಡುತ್ತಾರೆ: ಒಂದು ಕಾಲಕ್ಕೆ ಸಪ್ಪೆಯಾಗಿದ್ದ ಉಪವಾಸದ ಬ್ರೆಡ್ಡಿಗೆ ಪೋಪ್ ಬೆಣ್ಣೆ ಹಾಕಲು ಅಪ್ಪಣೆ ಕೊಟ್ಟರು, ಅಂದಿನಿಂದ ಅದು ಹಬ್ಬದ ತಿಂಡಿಯಾಯಿತು ಎಂದು. ಕಥೆ ಸೊಗಸಾಗಿದೆ. ಆದರೆ ದಾಖಲೆಗಳನ್ನೂ ಹಿಟ್ಟಿನ ಗುಣವನ್ನೂ ಒಟ್ಟಿಗಿಟ್ಟು ನೋಡಿದರೆ, ಶ್ಟೊಲೆನ್ನನ್ನು ಹಬ್ಬದ ತಿಂಡಿಯಾಗಿ ಉಳಿಸಿಕೊಂಡು ಬಂದದ್ದು ಅದರೊಳಗಿನ ಬೆಣ್ಣೆಗಿಂತ ಹೆಚ್ಚಾಗಿ ಅದನ್ನು ಮಾಡಿಟ್ಟು ವಾರಗಟ್ಟಲೆ ಮುಟ್ಟದೆ ಕಾಯುವ ಪದ್ಧತಿ ಎಂದು ತೋರುತ್ತದೆ. ಬೆಣ್ಣೆ ಆ ಕಾಯುವಿಕೆಗೆ ಒದಗಿಬಂದ ಸಾಧನ.

ಹೆಸರಿನಿಂದ ತೊಡಗೋಣ. ಹಳೆಯ ಜರ್ಮನ್ ಭಾಷೆಯಲ್ಲಿ ಸ್ಟೊಲ್ಲೊ ಎಂದರೆ ಕಂಬ, ಆಸರೆಯ ಮರ. ಗಣಿಯೊಳಕ್ಕೆ ಅಡ್ಡವಾಗಿ ಕೊರೆಯುವ ಸುರಂಗಕ್ಕೂ ಜರ್ಮನ್‌ನಲ್ಲಿ ಇಂದಿಗೂ ಇದೇ ಶಬ್ದ. ಡ್ರೆಸ್‌ಡೆನ್ ನಗರದಲ್ಲಿ ಇದೇ ಬ್ರೆಡ್ಡಿಗೆ ಷ್ಟ್ರೀಟ್ಸೆಲ್ ಎಂಬ ಇನ್ನೊಂದು ಹೆಸರಿತ್ತು. 1434ರಲ್ಲಿ ಅರಸ ಎರಡನೆಯ ಫ್ರೀಡ್‌ರಿಕ್‌ನ ಅಪ್ಪಣೆಯಿಂದ ಶುರುವಾಗಿ ಈಗಲೂ ನಡೆಯುತ್ತಿರುವ ಅಲ್ಲಿನ ಕ್ರಿಸ್‌ಮಸ್ ಸಂತೆಗೆ ಷ್ಟ್ರೀಟ್ಸೆಲ್ ಸಂತೆ ಎಂಬ ಹೆಸರು ಬಂದದ್ದು ಈ ತಿಂಡಿಯಿಂದ. ಬ್ರೆಡ್ಡಿನ ಮೊದಲ ಲಿಖಿತ ಸುಳಿವು ಅದಕ್ಕೂ ಹಿಂದಿನದು. ಸಾಲೆ ನದಿಯ ಬಳಿಯ ನೌಮ್‌ಬುರ್ಗ್‌ನಲ್ಲಿ ಬಿಷಪ್ ಹೈನ್‌ರಿಕ್ 1329ರಲ್ಲಿ ಊರಿನ ಬ್ರೆಡ್ಡು ಸುಡುವವರಿಗೆ ಸಂಘ ಕಟ್ಟಿಕೊಳ್ಳುವ ಹಕ್ಕು ಕೊಟ್ಟ. ಪ್ರತಿಯಾಗಿ ಅವರು ಕ್ರಿಸ್‌ಮಸ್ಸಿಗೆ ಶ್ಟೊಲೆನ್ ಎಂಬ ಎರಡು ಉದ್ದನೆಯ ಗೋದಿ ಬ್ರೆಡ್ಡುಗಳನ್ನು ಒಪ್ಪಿಸಬೇಕೆಂದು ಗೊತ್ತುಮಾಡಿದ. ಬೆಣ್ಣೆಯ ಮಾತಿಲ್ಲ, ದ್ರಾಕ್ಷಿಯ ಮಾತಿಲ್ಲ. ಆದರೆ ಹೆಸರಿದೆ, ಉದ್ದನೆಯ ಆಕಾರವಿದೆ, ಹಬ್ಬದ ದಿನ ನಿಗದಿಯಾಗಿದೆ, ಒಬ್ಬರು ಇನ್ನೊಬ್ಬರಿಗೆ ಕೊಡಬೇಕೆಂಬ ಕಟ್ಟಳೆಯೂ ಇದೆ. ದಿನದ ಊಟಕ್ಕೆ ರೈ ಧಾನ್ಯದ ಕಪ್ಪು ರೊಟ್ಟಿಯೇ ಗತಿಯಾಗಿದ್ದ ನಾಡಿನಲ್ಲಿ ಬಿಳಿ ಗೋದಿಯೇ ಹಬ್ಬವೆನ್ನಿಸಲು ಸಾಕಾಗಿತ್ತು. ಡ್ರೆಸ್‌ಡೆನ್‌ನ ಬಾರ್ಥೊಲೊಮಾಯಸ್ ಆಸ್ಪತ್ರೆಯ 1474ರ ಲೆಕ್ಕದ ಚೀಟಿಯಲ್ಲಿ ಈ ಬ್ರೆಡ್ಡು ಮತ್ತೆ ಕಾಣಿಸಿಕೊಳ್ಳುತ್ತದೆ, ಆಗಲೂ ಉಪವಾಸಕ್ಕೆ ಒಗ್ಗುವ ತಿಂಡಿಯಾಗಿಯೇ.

ಇನ್ನು ಬೆಣ್ಣೆಯ ಪತ್ರ. ಕ್ರಿಸ್‌ಮಸ್ಸಿಗೆ ಮುಂಚಿನ ಸುಮಾರು ನಾಲ್ಕು ವಾರಗಳ ಅವಧಿಗೆ ಅಡ್ವೆಂಟ್ ಎಂದು ಹೆಸರು. ಮಧ್ಯಯುಗದ ಚರ್ಚಿನ ಲೆಕ್ಕದಲ್ಲಿ ಅದು ಉಪವಾಸದ ಕಾಲ; ಹಾಲು, ಬೆಣ್ಣೆ ನಿಷಿದ್ಧ, ಎಣ್ಣೆ ಮಾತ್ರ ಆಗಬಹುದು. ಮೆಡಿಟರೇನಿಯನ್ ಕರಾವಳಿಯವರಿಗೆ ಇದೊಂದು ಕಷ್ಟವೇ ಅಲ್ಲ, ಮನೆಯ ಹಿಂದೆಯೇ ಆಲಿವ್ ಮರ. ಆಲ್ಪ್ಸ್ ಪರ್ವತದಿಂದ ಉತ್ತರಕ್ಕೆ ಆಲಿವ್ ಬೆಳೆಯುವುದಿಲ್ಲ, ಅಲ್ಲಿ ಸಿಗುತ್ತಿದ್ದದ್ದು ಸಾಸಿವೆಯ ಜಾತಿಯ ಕಾಳುಗಳ ಘಾಟು ಎಣ್ಣೆ. ಈ ಕಷ್ಟ ಹೇಳಿಕೊಂಡು ಸ್ಯಾಕ್ಸನಿಯ ಅರಸರು ರೋಮಿಗೆ ಮೊರೆಯಿಟ್ಟರು. 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟ್ ಬೆಣ್ಣೆ ಬಳಸಲು ಅನುಮತಿ ಕೊಟ್ಟರು, ಫ್ರೈಬೆರ್ಗ್ ಊರಿನ ಚರ್ಚು ಕಟ್ಟಲು ಹಣ ಕೊಡಬೇಕೆಂಬ ಷರತ್ತಿನ ಮೇಲೆ. ಇಷ್ಟು ಗಟ್ಟಿ. ಆದರೆ ಜನಪ್ರಿಯ ಪುಸ್ತಕಗಳಲ್ಲಿ ಇದರ ಹಿಂದೆ ಒಂದು ಪೀಠಿಕೆ ಬೆಳೆದಿದೆ: ಅರಸ ಎರ್ನ್‌ಸ್ಟ್ ಮತ್ತು ತಮ್ಮ ಆಲ್ಬ್ರೆಕ್ಟ್ 1450ರಲ್ಲೇ ಪೋಪ್ ಐದನೆಯ ನಿಕೊಲಸ್‌ಗೆ ಬರೆದುಕೊಂಡಿದ್ದರು, ಆಗ ಒಪ್ಪಿಗೆ ಸಿಗಲಿಲ್ಲ ಎಂದು. ಎರ್ನ್‌ಸ್ಟ್ ಹುಟ್ಟಿದ್ದು 1441ರಲ್ಲಿ, ತೀರಿಕೊಂಡದ್ದು 1486ರಲ್ಲಿ. ಅಂದರೆ ಮೊದಲ ಮನವಿಯ ಹೊತ್ತಿಗೆ ಅವನಿಗೆ ಒಂಬತ್ತು ವರ್ಷ. ಒಪ್ಪಿಗೆ ಬರುವ ಹೊತ್ತಿಗೆ ಸತ್ತು ಐದು ವರ್ಷ. ಬೆಣ್ಣೆಯ ಕಥೆ ಬಾಯಿಂದ ಬಾಯಿಗೆ ಹೋಗುತ್ತ ಎಷ್ಟು ದುಂಡಗಾಗಿದೆ ಎಂಬುದಕ್ಕೆ ಇಷ್ಟು ಸಾಕು. ಅನುಮತಿ ಶ್ಟೊಲೆನ್ನಿಗೆಂದೇ ಬಂದದ್ದೂ ಅಲ್ಲ, ಉಪವಾಸದ ಅಡಿಗೆಗೆಲ್ಲ ಅನ್ವಯಿಸುವಂಥದು. ಇಂಥ ಅನುಮತಿಗಳು ಯುರೋಪಿನ ಬೇರೆಡೆಯೂ ಮಾರಾಟವಾಗುತ್ತಿದ್ದವು. ಫ್ರಾನ್ಸಿನ ರೂಆಂ ನಗರದ ಕೆಥೆಡ್ರಲ್ಲಿನ ಒಂದು ಗೋಪುರಕ್ಕೆ ಇಂದಿಗೂ ಬೆಣ್ಣೆಯ ಗೋಪುರ ಎಂದೇ ಹೆಸರು. ಮಾರ್ಟಿನ್ ಲೂಥರ್ 1520ರಲ್ಲಿ ಜರ್ಮನ್ ಶ್ರೀಮಂತರನ್ನು ಉದ್ದೇಶಿಸಿ ಬರೆದ ಹೊತ್ತಗೆಯಲ್ಲಿ ಈ ಬೆಣ್ಣೆ ವ್ಯಾಪಾರವನ್ನು ಚೆನ್ನಾಗಿ ಲೇವಡಿ ಮಾಡಿದ್ದಾನೆ.

ಹಾಗಾದರೆ ಬೆಣ್ಣೆ ಬಂದು ಏನು ಮಾಡಿತು? ಇದಕ್ಕೆ ಉತ್ತರ ಚರಿತ್ರೆಗಿಂತ ಹಿಟ್ಟಿನ ಪಾತ್ರೆಯಲ್ಲಿ ಚೆನ್ನಾಗಿ ಸಿಗುತ್ತದೆ. ಇಂದು ಡ್ರೆಸ್‌ಡೆನ್ ಹೆಸರಿನಲ್ಲಿ ಮಾರುವ ಶ್ಟೊಲೆನ್ನಿಗೆ ಇರುವ ನಿಯಮವನ್ನೇ ಮನೆಯ ಅಳತೆಗೆ ಇಳಿಸಿಕೊಳ್ಳೋಣ. 1 ಕೆ.ಜಿ. ಹಿಟ್ಟಿಗೆ ಕಡಿಮೆಯೆಂದರೆ 500 ಗ್ರಾಂ ಬೆಣ್ಣೆ, 650 ಗ್ರಾಂ ಒಣದ್ರಾಕ್ಷಿ, 200 ಗ್ರಾಂ ಸಕ್ಕರೆ ಹತ್ತಿದ ಸಿಪ್ಪೆ, 150 ಗ್ರಾಂ ಬಾದಾಮಿ. ಕೂಡಿದರೆ ಒಂದೂವರೆ ಕೆ.ಜಿ. ಹಿಟ್ಟು ತನ್ನ ಒಂದೂವರೆ ಪಟ್ಟು ಭಾರ ಹೊತ್ತು ಮೇಲೇಳಬೇಕು. ಎತ್ತುವ ಕೆಲಸ ಯೀಸ್ಟಿನದು, ಆದರೆ ಯೀಸ್ಟಿಗೆ ಇಲ್ಲಿ ಎಲ್ಲವೂ ಅಡ್ಡಿಯೇ. ಹಿಟ್ಟಿನಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅದು ನೀರನ್ನು ತನ್ನ ಕಡೆ ಹಿಡಿದುಕೊಳ್ಳುತ್ತದೆ, ಯೀಸ್ಟಿನ ಕೋಶದೊಳಗಿನ ತೇವವನ್ನೂ ಹೊರಕ್ಕೆ ಎಳೆಯುತ್ತದೆ, ಯೀಸ್ಟು ಸುಸ್ತಾಗುತ್ತದೆ. ಬೆಣ್ಣೆ ಹಿಟ್ಟಿನ ಕಣಗಳನ್ನು ಆವರಿಸಿ, ನಾದಿದಾಗ ಹುಟ್ಟಬೇಕಾದ ಗ್ಲೂಟನ್ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳದಂತೆ ತಡೆಯುತ್ತದೆ. ಎಳೆ ಕುಗ್ಗಿದರೆ ಗಾಳಿಯನ್ನು ಹಿಡಿದಿಡುವ ಬಲೆಯೂ ಕುಗ್ಗಿತು. ದ್ರಾಕ್ಷಿ, ಬಾದಾಮಿಗಳು ಇದ್ದ ಬಲೆಯನ್ನೂ ಹರಿಯುತ್ತವೆ. ಅದಕ್ಕೇ ಮಾಮೂಲಿ ಬ್ರೆಡ್ಡಿಗೆ ಕೆ.ಜಿ.ಗೆ 20 ಗ್ರಾಂ ಹಸಿ ಯೀಸ್ಟು ಸಾಕಾಗುವಲ್ಲಿ ಶ್ಟೊಲೆನ್ನಿಗೆ 80ರಿಂದ 100 ಗ್ರಾಂ ಬೇಕಾಗುತ್ತದೆ. ತಿನ್ನುವವರಿಗೆ ಒಂದು ವಿಷಯ ಅಚ್ಚರಿಯೆನಿಸಬಹುದು: ಇಷ್ಟು ಸಿಹಿಯಾದ ತಿಂಡಿಯ ಹಿಟ್ಟಿಗೆ ನೇರವಾಗಿ ಬೀಳುವ ಸಕ್ಕರೆ ಕೆ.ಜಿ.ಗೆ 100ರಿಂದ 150 ಗ್ರಾಂ ಮಾತ್ರ. ಉಳಿದ ಸಿಹಿಯೆಲ್ಲ ಹಣ್ಣಿನೊಳಗೆ ಮತ್ತು ಹೊರಗಿನ ಬಿಳಿ ಹೊದಿಕೆಯಲ್ಲಿ, ಯೀಸ್ಟಿನ ಕೈಗೆ ಸಿಗದ ಜಾಗದಲ್ಲಿ ಇರುತ್ತದೆ.

ಮನೆಯಲ್ಲಿ ಇದನ್ನು ಮಾಡುವವರ ಕ್ರಮವೆಲ್ಲ ಈ ಅಡ್ಡಿಗಳನ್ನು ಒಂದೊಂದಾಗಿ ದಾಟುವ ಉಪಾಯ. ಹಿಂದಿನ ದಿನವೇ ಒಣದ್ರಾಕ್ಷಿಯನ್ನು ತೊಳೆದು, ಒರೆಸಿ, ರಮ್ಮಿನಲ್ಲಿ ನೆನೆಹಾಕುತ್ತಾರೆ. ನೆನೆಯದ ದ್ರಾಕ್ಷಿ ಬ್ರೆಡ್ಡಿನ ತೇವವನ್ನು ಕುಡಿದುಬಿಡುತ್ತದೆ. ನೆನೆದದ್ದು ಮುಂದೆ ನಿಧಾನವಾಗಿ ಅದನ್ನು ಬಿಟ್ಟುಕೊಡುತ್ತದೆ. ಮರುದಿನ ಮೊದಲು ಯೀಸ್ಟಿಗೆ ಏನೂ ತೊಂದರೆಯಿಲ್ಲದ ಒಂದು ಚಿಕ್ಕ ಮುದ್ದೆ ಮಾಡಿಕೊಳ್ಳುತ್ತಾರೆ: ಹಿಟ್ಟಿನ ಮೂರನೆಯ ಒಂದು ಪಾಲು, ಉಗುರುಬೆಚ್ಚಗಿನ ಹಾಲು, ಯೀಸ್ಟು, ಅಷ್ಟೇ. ಅರ್ಧ ಗಂಟೆಯಲ್ಲಿ ಅದು ಎರಡರಷ್ಟು ಉಬ್ಬಿ, ನಡುವೆ ಕುಸಿಯಲು ಶುರುವಾದಾಗ ಯೀಸ್ಟು ಹುರುಪಿನಲ್ಲಿದೆ ಎಂದರ್ಥ. ಆಗ ಉಳಿದ ಹಿಟ್ಟು, ಸಕ್ಕರೆ, ಉಪ್ಪು, ಜಾಪತ್ರೆ, ಏಲಕ್ಕಿ, ತುರಿದ ನಿಂಬೆಸಿಪ್ಪೆ; ಕೊನೆಗೆ, ಕರಗಿಸದೆ ಮೆತ್ತಗಾಗಿಸಿದ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ. ಹೋಳಿಗೆಯ ಕಣಕ ನಾದಿ ಗೊತ್ತಿದ್ದ ಕೈಗೆ ಈ ಹಿಟ್ಟು ಮೊದಲು ಹಟಮಾರಿಯಾಗಿ, ಆಮೇಲೆ ಜಾರುಜಾರಾಗಿ, ಕೊನೆಗೆ ಮಣಿದಂತೆ ಅನಿಸುತ್ತದೆ. ಅದು ಪಾತ್ರೆಯ ಅಂಚು ಬಿಟ್ಟು ಬಂದ ಮೇಲೆ ಒಂದು ಗಂಟೆ ಬಿಟ್ಟು, ಹಣ್ಣು ಬಾದಾಮಿಗಳನ್ನು ನಾದದೆ, ಮಡಿಕೆಯೊಳಗೆ ಮಡಿಕೆಯಾಗಿ ಸೇರಿಸುತ್ತಾರೆ. ಇಲ್ಲಿ ಅವಸರಪಟ್ಟು ತಿಕ್ಕಿದರೆ ದ್ರಾಕ್ಷಿ ಒಡೆದು ಹಿಟ್ಟೆಲ್ಲ ಬೂದುಬಣ್ಣಕ್ಕೆ ತಿರುಗುತ್ತದೆ. ದಿಂಡು ಮಾಡಿ ಮಡಚಿ, 170ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಒಂದು ಗಂಟೆ ಬೇಯಿಸುತ್ತಾರೆ. ಮೇಲ್ಮೈಯಲ್ಲಿ ಇಣುಕುವ ದ್ರಾಕ್ಷಿಗಳನ್ನು ಮೊದಲೇ ಕಿತ್ತು ಹಾಕಬೇಕು, ಸುಟ್ಟರೆ ಕಹಿ.

ಇಲ್ಲಿಗೆ ಬೇರೆ ಬ್ರೆಡ್ಡುಗಳ ಕೆಲಸ ಮುಗಿಯುತ್ತದೆ, ಶ್ಟೊಲೆನ್ನಿನದು ಮುಗಿಯುವುದಿಲ್ಲ. ಬಿಸಿಯಿರುವಾಗಲೇ ಕರಗಿದ ಬೆಣ್ಣೆಯನ್ನು ಎರಡು ಮೂರು ಸಲ ಸವರುತ್ತಾರೆ. ಅದರ ಮೇಲೆ ಹರಳುಸಕ್ಕರೆ. ಆರಿದ ಮೇಲೆ ಪುಡಿಸಕ್ಕರೆಯ ದಪ್ಪ ಪದರ. ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ, ತಂಪಾದ ಕೋಣೆಯಲ್ಲಿ ಎರಡರಿಂದ ನಾಲ್ಕು ವಾರ ಇಡುತ್ತಾರೆ. ಒಲೆಯಿಂದ ಇಳಿದ ದಿನ ಕೊಯ್ದು ತಿಂದರೆ ಅದು ನಿಜಕ್ಕೂ ನಿರಾಸೆಯ ತಿಂಡಿ: ಒಳಗು ಉದುರುದುರು, ದ್ರಾಕ್ಷಿಯ ರುಚಿ ಒಂದು ಕಡೆ, ಹಿಟ್ಟಿನ ರುಚಿ ಒಂದು ಕಡೆ. ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದ ಮರುದಿನವೇ ಜಾಡಿ ತೆರೆದ ಹಾಗೆ. ವಾರಗಳು ಕಳೆದಂತೆ ಹಣ್ಣಿನ ತೇವ ಹಿಟ್ಟಿಗೆ ಇಳಿಯುತ್ತದೆ, ಸಿಪ್ಪೆಯ ಮತ್ತು ಜಾಪತ್ರೆಯ ಪರಿಮಳದ ಎಣ್ಣೆಗಳು ಬೆಣ್ಣೆಯಲ್ಲಿ ಕರಗಿ ಎಲ್ಲ ಕಡೆ ಹರಡುತ್ತವೆ. ಮಾಮೂಲಿ ಬ್ರೆಡ್ಡನ್ನು ಹೀಗೆ ಇಟ್ಟರೆ ಎರಡು ದಿನಕ್ಕೆ ಗಡಸಾಗಿ, ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಶ್ಟೊಲೆನ್ನಿಗೆ ಹಾಗಾಗದಿರುವುದಕ್ಕೆ ಕಾರಣ ಯೀಸ್ಟನ್ನು ಕಾಡಿದ ಅದೇ ಪದಾರ್ಥಗಳು. ಬ್ರೆಡ್ಡು ಹಳಸಲಾಗುವುದೆಂದರೆ ಬೆಂದು ಬಿಡಿಸಿಕೊಂಡ ಪಿಷ್ಟ ಮತ್ತೆ ಗಟ್ಟಿ ಕಟ್ಟುವುದು. ಬೆಣ್ಣೆ ಸಕ್ಕರೆಗಳು ಅದನ್ನು ನಿಧಾನಿಸುತ್ತವೆ. ಬೂಸ್ಟಿಗೆ ಬಿಡಿ ನೀರು ಬೇಕು. ಇಲ್ಲಿನ ನೀರನ್ನೆಲ್ಲ ಸಕ್ಕರೆ ಕಟ್ಟಿಹಾಕಿದೆ. ಹೊರಗಿನ ಬೆಣ್ಣೆ-ಸಕ್ಕರೆಯ ಪದರ ತೇವವನ್ನು ಒಳಗೇ ಹಿಡಿದಿಟ್ಟು ಹೊರಗಿನ ಗಾಳಿಯನ್ನು ತಡೆಯುತ್ತದೆ. ಒಂದು ಜೀವಿಯನ್ನು ಉಸಿರುಗಟ್ಟಿಸುವಷ್ಟು ಸಮೃದ್ಧಿ ಇನ್ನೊಂದು ಜೀವಿಯನ್ನು ಹತ್ತಿರ ಬರಗೊಡುವುದಿಲ್ಲ. ಬೆಣ್ಣೆಯ ನಿಜವಾದ ಕೊಡುಗೆ ಇದು: ನವೆಂಬರಿನಲ್ಲಿ ಮಾಡಿದ್ದನ್ನು ಡಿಸೆಂಬರ್ 24ರ ಸಂಜೆಯವರೆಗೆ ಕಾಯಿಸಿಡಲು ಅದು ಸಾಧ್ಯ ಮಾಡಿತು.

ಇದಕ್ಕೆ ಮೊದಲ ಆಕ್ಷೇಪ ಹೀಗೆ ಬರಬಹುದು: ಇಷ್ಟೆಲ್ಲ ಸುತ್ತಿ ಬಳಸುವುದೇಕೆ, ಬೆಣ್ಣೆ, ದ್ರಾಕ್ಷಿ, ಬಾದಾಮಿ ದುಬಾರಿ, ದುಬಾರಿಯಾದದ್ದನ್ನು ಹಬ್ಬಕ್ಕೆ ತಿನ್ನುವುದು ಸಿರಿತನದ ಪ್ರದರ್ಶನ, ಅಷ್ಟೇ ತಾನೆ? ಈ ಪಕ್ಷದವರು ಸಾಮಾನ್ಯವಾಗಿ ಮುಂದಿಡುವ ಸಾಕ್ಷಿ ಸ್ಯಾಕ್ಸನಿಯ ಅರಸ ಬಲಶಾಲಿ ಔಗುಸ್ಟ್. ಅವನು 1730ರಲ್ಲಿ ತ್ಸೈಟ್‌ಹೈನ್ ಬಯಲಿನಲ್ಲಿ ಸೈನ್ಯದ ದೊಡ್ಡ ಶಿಬಿರ ನಡೆಸಿ, ಜಖಾರಿಯಸ್ ಎಂಬ ಬೇಕರಿಯವನ ಕೈಯಲ್ಲಿ ಸುಮಾರು 1.8 ಟನ್ ತೂಕದ್ದೆನ್ನುವ ಒಂದು ಬ್ರೆಡ್ಡು ಮಾಡಿಸಿದ. ಡ್ರೆಸ್‌ಡೆನ್‌ನಲ್ಲಿ 1994ರಿಂದ ಪ್ರತಿ ಅಡ್ವೆಂಟಿನಲ್ಲಿ ನಡೆಯುವ ಶ್ಟೊಲೆನ್ ಹಬ್ಬದಲ್ಲಿ ಟನ್ನುಗಟ್ಟಲೆ ತೂಕದ ಶ್ಟೊಲೆನ್ನನ್ನು ಬೀದಿಯಲ್ಲಿ ಮೆರವಣಿಗೆ ಮಾಡುವುದು ಅದರ ನೆನಪಿಗೆ. ಪ್ರದರ್ಶನವೇನೋ ಹೌದು. ಆದರೆ ಆ ಶಿಬಿರ ನಡೆದದ್ದು ಜೂನ್ ತಿಂಗಳಲ್ಲಿ. ಬೇಸಿಗೆಯ ಬಿಸಿಲಿನಲ್ಲಿ, ಸಾವಿರಾರು ಮೊಟ್ಟೆ ಹಾಕಿ ಮಾಡಿ, ಅಂದಂದೇ ಕತ್ತರಿಸಿ ಹಂಚಿದ ಆ ಬ್ರೆಡ್ಡಿಗೂ ಮನೆಯ ತಂಪು ಕೋಣೆಯಲ್ಲಿ ಬಟ್ಟೆ ಹೊದ್ದು ಮಲಗಿರುವ ಶ್ಟೊಲೆನ್ನಿಗೂ ಹೆಸರಿನ ನಂಟು ಬಿಟ್ಟರೆ ಹೆಚ್ಚಿನದೇನೂ ಇಲ್ಲ; ಸಾಂಪ್ರದಾಯಿಕ ಶ್ಟೊಲೆನ್ನಿಗೆ ಮೊಟ್ಟೆಯನ್ನೇ ಹಾಕುವುದಿಲ್ಲ. ಅಲ್ಲದೆ ಸಿರಿತನವೇ ಕಾರಣವಾಗಿದ್ದರೆ ಅಗ್ಗವಾದ ದಿನ ಆಕರ್ಷಣೆ ಇಳಿಯಬೇಕಿತ್ತು. ಮಾರ್ಗ್‌ಗ್ರಾಫ್ 1747ರಲ್ಲಿ ಬೀಟ್ ಗೆಡ್ಡೆಯಲ್ಲಿ ಸಕ್ಕರೆಯಿರುವುದನ್ನು ತೋರಿಸಿದ. ಮುಂದಿನ ಶತಮಾನದಲ್ಲಿ ಬೀಟ್ ಸಕ್ಕರೆಯ ಕಾರ್ಖಾನೆಗಳು ಎದ್ದು ಸಕ್ಕರೆ ಅಗ್ಗವಾಯಿತು. ಬಿಯರ್ ಭಟ್ಟಿಯಿಂದ ತರುತ್ತಿದ್ದ ನಂಬಲಾಗದ ನೊರೆಯ ಬದಲು ಒತ್ತಿ ಅಚ್ಚು ಮಾಡಿದ ಯೀಸ್ಟು ಪೇಟೆಗೆ ಬಂತು. ಅರಮನೆಯ ತಿಂಡಿ ಕೂಲಿಕಾರರ ಮನೆಗೂ ಇಳಿದದ್ದು ಆಗಲೇ, ಇಳಿದ ಮೇಲೆಯೂ ಅದು ಕ್ರಿಸ್‌ಮಸ್ಸಿನದಾಗಿಯೇ ಉಳಿಯಿತು.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಕಾಯುವಿಕೆಯ ಮೂಲ ಉಪವಾಸವಾದರೆ, ಡ್ರೆಸ್‌ಡೆನ್ ಪ್ರಾಂತ 1539ರಲ್ಲಿ ಪ್ರೊಟೆಸ್ಟಂಟ್ ಆಯಿತು. ಬೆಣ್ಣೆಗೆ ಪೋಪನ ಚೀಟಿ ಬೇಕಿಲ್ಲದ ಕಾಲ ಬಂತು. ಆದರೂ ಶ್ಟೊಲೆನ್ ಬೆಳೆದದ್ದು ಅದಾದ ಮೇಲೆಯೇ. ಹಾಗಿದ್ದರೆ ಉಪವಾಸಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಹೇಗೆ? ಇದರಲ್ಲಿ ಒಂದು ಅಂಶವನ್ನು ಒಪ್ಪಿಕೊಳ್ಳಬೇಕು: ಚರ್ಚಿನ ನಿಷೇಧ ಶ್ಟೊಲೆನ್ನನ್ನು ನೇರವಾಗಿ ಹುಟ್ಟಿಸಲಿಲ್ಲ. ಆದರೆ ಧರ್ಮಶಾಸ್ತ್ರದಿಂದ ಬಿದ್ದುಹೋದ ಕಟ್ಟಳೆಗಳು ಅಡಿಗೆಮನೆಯಲ್ಲಿ ಬಹುಕಾಲ ಬದುಕುತ್ತವೆ. ಕಾರಣ ಮರೆತುಹೋದ ಮೇಲೂ ಏಕಾದಶಿಯ ಅಡಿಗೆ ಎಷ್ಟೋ ಮನೆಗಳಲ್ಲಿ ಉಳಿದಿರುವ ಹಾಗೆ. ನಾಲ್ಕು ವಾರಗಳ ಅಡ್ವೆಂಟ್ ಪಂಚಾಂಗದಲ್ಲಿ ಉಳಿಯಿತು, ಅದು ನಿರೀಕ್ಷೆಯ ಕಾಲ ಎಂಬ ಭಾವವೂ ಉಳಿಯಿತು. ಚರ್ಚು ಬಿಟ್ಟುಕೊಟ್ಟ ಜಾಗದಲ್ಲಿ ಬ್ರೆಡ್ಡಿನ ಗುಣವೇ ಬಂದು ಕೂತಿತು: ಮೊದಲು ತಿನ್ನಬಾರದು ಎನ್ನಲು ಪಾದ್ರಿ ಬೇಕಿದ್ದ, ಈಗ ಬೇಗ ತಿಂದರೆ ರುಚಿಯಿಲ್ಲ ಎಂದರೆ ಸಾಕು. ಮನೆಯ ಮಕ್ಕಳಿಗೆ ಎರಡೂ ಒಂದೇ.

ಮೂರನೆಯ ಆಕ್ಷೇಪ ಕಾನೂನಿನ ಕಡೆಯಿಂದ. ಜರ್ಮನಿಯ ಆಹಾರ ನಿಯಮಾವಳಿ ಶ್ಟೊಲೆನ್ನನ್ನು ಪದಾರ್ಥಗಳ ಪ್ರಮಾಣದಿಂದಲೇ ಗುರುತಿಸುತ್ತದೆ: 100 ಪಾಲು ಹಿಟ್ಟಿಗೆ 30 ಪಾಲು ಬೆಣ್ಣೆ ಅಥವಾ ಅದಕ್ಕೆ ಸಮನಾದ ಕೊಬ್ಬು, 60 ಪಾಲು ಒಣಹಣ್ಣು, ಬೆಣ್ಣೆ ಶ್ಟೊಲೆನ್ ಎಂದು ಬರೆಯಬೇಕಾದರೆ 40 ಪಾಲು ಬೆಣ್ಣೆ, 70 ಪಾಲು ಹಣ್ಣು. ಡ್ರೆಸ್‌ಡೆನ್‌ನ ಶ್ಟೊಲೆನ್ನಿಗೆ 2010ರಿಂದ ಯುರೋಪಿಯನ್ ಒಕ್ಕೂಟದ ಭೌಗೋಳಿಕ ರಕ್ಷಣೆಯಿದೆ, ನಮ್ಮ ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ಇರುವಂತೆ. ಆ ಊರು ಮತ್ತು ಸುತ್ತಿನ ಪ್ರದೇಶದ ಹೊರಗೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಕಾಯುವಿಕೆಯನ್ನು ಅಳೆಯುವ ತಕ್ಕಡಿ ಯಾವ ಸರ್ಕಾರದ ಬಳಿಯೂ ಇಲ್ಲ, ಬೆಣ್ಣೆಯನ್ನು ಅಳೆಯಬಹುದು. ಮಾರಾಟಕ್ಕೆ ಬೇಕಾದ ಅಳತೆಯನ್ನೇ ತಿಂಡಿಯ ತಿರುಳೆಂದು ತಿಳಿದರೆ ಇಪ್ಪತ್ತನೆಯ ಶತಮಾನದ ಸ್ಯಾಕ್ಸನಿಯ ಅನುಭವಕ್ಕೆ ಲೆಕ್ಕ ಸಿಗುವುದಿಲ್ಲ. 1949ರಿಂದ 1990ರವರೆಗೆ ಆ ನಾಡು ಪೂರ್ವ ಜರ್ಮನಿಯಲ್ಲಿತ್ತು. ಒಣದ್ರಾಕ್ಷಿ, ಬಾದಾಮಿ, ಕಿತ್ತಳೆಸಿಪ್ಪೆ ಎಲ್ಲಕ್ಕೂ ವಿದೇಶಿ ಹಣ ಬೇಕು, ಅದಕ್ಕೇ ಕೊರತೆ. ಸಿಪ್ಪೆಯ ಬದಲು ಸಕ್ಕರೆ ಪಾಕದಲ್ಲಿ ಊರಿಸಿದ ಹಸಿರು ಟೊಮೆಟೊ ಮತ್ತು ಕ್ಯಾರೆಟ್ ಚೂರು ಬಂದವು. ಪಶ್ಚಿಮದ ನೆಂಟರು ಪಾರ್ಸೆಲ್ಲಿನಲ್ಲಿ ದ್ರಾಕ್ಷಿ ಬಾದಾಮಿ ಕಳಿಸುವುದು, ಪೂರ್ವದವರು ಅದರಲ್ಲೇ ಶ್ಟೊಲೆನ್ ಮಾಡಿ ಹಬ್ಬದ ಹೊತ್ತಿಗೆ ತಿರುಗಿ ಕಳಿಸುವುದು ವರ್ಷವರ್ಷದ ರೂಢಿಯಾಯಿತು. ವಾರಗಟ್ಟಲೆ ಕೆಡದೆ ಇರುವ ಬ್ರೆಡ್ಡಾಗಿದ್ದರಿಂದಲೇ ಅದು ಗಡಿ ದಾಟಿ ಅಂಚೆಯಲ್ಲಿ ಹೋಗಬಲ್ಲದಾಗಿತ್ತು. ಟೊಮೆಟೊ ಚೂರಿನ ಶ್ಟೊಲೆನ್ನನ್ನು ಶ್ಟೊಲೆನ್ ಅಲ್ಲವೆಂದು ಆ ಮನೆಗಳಲ್ಲಿ ಯಾರೂ ಬಿಸಾಕಲಿಲ್ಲ. ಇದಕ್ಕೆ ತಿರುವುಮುರುವಾಗಿ ಕ್ವಾರ್ಕ್ ಶ್ಟೊಲೆನ್ ಇದೆ: ನೀರು ಬಸಿದ ಗಟ್ಟಿ ಮೊಸರಿನಂಥ ಹಸಿ ಗಿಣ್ಣನ್ನು ಹಾಕಿ, ಯೀಸ್ಟಿಲ್ಲದೆ ಬೇಕಿಂಗ್ ಪೌಡರಿನಿಂದ ಒಂದೇ ಮಧ್ಯಾಹ್ನದಲ್ಲಿ ಮುಗಿಸುವಂಥದು. ಕಾನೂನು ಅದನ್ನೂ ಶ್ಟೊಲೆನ್ ಎನ್ನುತ್ತದೆ, ರುಚಿಯೂ ಕೆಟ್ಟದಲ್ಲ. ಆದರೆ ತೇವ ಹೆಚ್ಚಿರುವ ಅದನ್ನು ಹೊಸದಾಗಿಯೇ ತಿಂದು ಮುಗಿಸಬೇಕು. ಈ ಲೇಖನದ ದೃಷ್ಟಿಯಲ್ಲಿ ಅದು ಶ್ಟೊಲೆನ್ನಿನ ವೇಷ ತೊಟ್ಟ ಕೇಕು.

ಮನೆಯಲ್ಲಿ ಮಾಡುವ ತಿಂಡಿ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಸ್ಯಾಕ್ಸನಿಯಲ್ಲೂ ಬೊಹೆಮಿಯದ ಗಡಿಯ ಎರ್ತ್ಸ್‌ಗೆಬಿರ್ಗೆ ಬೆಟ್ಟಗಳ ಗಣಿ ಊರುಗಳಲ್ಲೂ ಬಹುಪಾಲು ಮನೆಗಳಲ್ಲಿ ಇಷ್ಟು ದೊಡ್ಡ ದಿಂಡುಗಳನ್ನು ಬೇಯಿಸುವ ಒಲೆಯಿರಲಿಲ್ಲ. ಮನೆಯವರು ಬೆಣ್ಣೆ, ನೆನೆದ ದ್ರಾಕ್ಷಿ, ಸುಲಿದ ಬಾದಾಮಿ ಎಲ್ಲವನ್ನೂ ಅಳೆದು ಬುಟ್ಟಿಯಲ್ಲಿ ಹೊತ್ತು ಬೀದಿಯ ಬೇಕರಿಗೆ ಹೋಗುತ್ತಿದ್ದರು. ಹಿಟ್ಟು ನಾದುವುದು, ಸುಡುವುದು ಅಲ್ಲಿ. ಒಂದೇ ಒಲೆಯಲ್ಲಿ ಹತ್ತಾರು ಮನೆಗಳ ದಿಂಡು ಸಾಲಾಗಿ ಬೇಯುವಾಗ ಯಾರದು ಯಾವುದೆಂದು ತಿಳಿಯಲು ಪ್ರತಿ ಮನೆಯವರೂ ಹೆಸರೋ ಗುರುತೋ ಕೊರೆದ ಪುಟ್ಟ ತಗಡಿನ ಬಿಲ್ಲೆಯನ್ನು ಹಿಟ್ಟಿಗೆ ಚುಚ್ಚುತ್ತಿದ್ದರು. ಆ ಬಿಲ್ಲೆಗಳು ಈಗ ಹಳೆಯ ವಸ್ತುಗಳ ಸಂಗ್ರಹಕಾರರ ಕೈಯಲ್ಲಿವೆ. ಒಲೆ ಹೊರಗಿನದಾದರೂ ಶ್ಟೊಲೆನ್ ಮನೆಯದೇ ಆಗಿರುತ್ತಿತ್ತು, ಯಾಕೆಂದರೆ ಪದಾರ್ಥಗಳನ್ನು ತಿಂಗಳುಗಳ ಕಾಲ ಕೂಡಿಹಾಕಿದ್ದೂ ಬೇಯಿಸಿ ತಂದದ್ದನ್ನು ವಾರಗಳ ಕಾಲ ಕಾಪಾಡಿದ್ದೂ ಮನೆಯಲ್ಲಿ. ಬೇಕರಿಯವನ ಪಾಲಿಗೆ ಬಂದದ್ದು ನಡುವಿನ ಕೆಲವೇ ಗಂಟೆ. ಇಂದು ಅವೆನ್ ಮನೆಮನೆಯಲ್ಲಿದೆ, ಯೀಸ್ಟು ಒಣಗಿಸಿದ ಪೊಟ್ಟಣದಲ್ಲಿ ಸಿಗುತ್ತದೆ. ಅಂಗಡಿಗಳಲ್ಲಂತೂ ಸೆಪ್ಟೆಂಬರಿನಲ್ಲೇ ಶ್ಟೊಲೆನ್ ರಾಶಿ ಬೀಳುತ್ತದೆ. ಕೊಳ್ಳುವವನಿಗೆ ಅದು ಈಗಾಗಲೇ ಯಾರೋ ಕಾದು ಮುಗಿಸಿದ ಬ್ರೆಡ್ಡು. ಮನೆಯಲ್ಲಿ ಮಾಡುವವರು ಇಷ್ಟು ಸುಲಭದ ದಿನಗಳಲ್ಲೂ ಯಾಕೆ ಮಾಡುತ್ತಾರೆ ಎಂಬ ಪ್ರಶ್ನೆಗೆ ಉಳಿತಾಯ ಉತ್ತರವಾಗಲಾರದು, ಅಷ್ಟು ಬೆಣ್ಣೆಯ ಬೆಲೆಗೆ ಅಂಗಡಿಯದೇ ಅಗ್ಗ.

ಯೀಸ್ಟಿನ ಹಬ್ಬದ ಬ್ರೆಡ್ಡುಗಳೆಲ್ಲ ಹೀಗೆಯೇ ಕಾಯಬಲ್ಲವು ಎಂದು ಹೇಳಲಾಗದು. ಸ್ವೀಡನ್‌ನಲ್ಲಿ ಡಿಸೆಂಬರ್ 13ರ ಸಂತ ಲೂಸಿಯ ದಿನಕ್ಕೆ ಮಾಡುವ ಕೇಸರಿ ಬನ್ನು ಮರುದಿನಕ್ಕೇ ಒಣಗುತ್ತದೆ, ಬೆಳಿಗ್ಗೆ ಬೇಯಿಸಿ ಬೆಳಿಗ್ಗೆಯೇ ತಿನ್ನಬೇಕು. ರಷ್ಯಾದ ಈಸ್ಟರ್ ಬ್ರೆಡ್ಡು ಕುಲೀಚ್‌ನಲ್ಲಿ ಕಾಯುವಿಕೆ ಬ್ರೆಡ್ಡಿನ ಹಿಂದೆ ಇದೆ: ಏಳು ವಾರ ಮೊಟ್ಟೆ ಬೆಣ್ಣೆ ಮುಟ್ಟದ ಉಪವಾಸ ಜನರಿಗೆ, ಕೋಳಿಗಳಿಗಲ್ಲ, ಕೂಡಿಬಿದ್ದ ಮೊಟ್ಟೆಗಳೆಲ್ಲ ಹಬ್ಬದ ಹಿಟ್ಟಿಗೆ ಸೇರುತ್ತವೆ. ಮಿಲಾನಿನ ಪಾನೆತ್ತೋನೆ ಶ್ಟೊಲೆನ್ನಿನ ಹಾಗೆ ಬಹುದಿನ ಇರುತ್ತದೆ, ಆದರೆ ಅದರ ಹಗುರವಾದ ಒಡಲು ಕುಸಿಯದಂತೆ ಬೆಂದ ಕೂಡಲೇ ತಲೆಕೆಳಗಾಗಿ ನೇತುಹಾಕುವ ಸಾಹಸ ಬೇರೆಯೇ ಕಲೆ. ಕರ್ನಾಟಕದ ಕ್ರಿಸ್‌ಮಸ್ ಎಲೆಯಲ್ಲಿ ಶ್ಟೊಲೆನ್ನಿಗೆ ಹಳೆಯ ಸ್ಥಾನವೇನಿಲ್ಲ. ಮಂಗಳೂರಿನ ಕಥೊಲಿಕ ಮನೆಗಳಲ್ಲಿ ಯೀಸ್ಟಿನ ಕೆಲಸವನ್ನು ಶೇಂದಿ ಮಾಡುತ್ತದೆ, ಅದರಿಂದ ಹುದುಗಿದ ಅಕ್ಕಿಹಿಟ್ಟಿನ ಸಣ್ಣಗಳು ಹಬೆಯಲ್ಲಿ ಬೆಂದು ಅಂದೇ ಮುಗಿಯುತ್ತವೆ. ಶ್ಟೊಲೆನ್ನಿನ ಮನೋಧರ್ಮಕ್ಕೆ ಹತ್ತಿರವಾದದ್ದು ಅದೇ ಮನೆಗಳಲ್ಲಿ, ಬೆಂಗಳೂರಿನಲ್ಲೂ, ಹಬ್ಬದ ಕೇಕಿಗೆಂದು ವಾರಗಳ ಮುಂಚೆಯೇ ಬಾಟಲಿಯಲ್ಲಿ ರಮ್ಮಿಗೆ ಹಾಕಿಟ್ಟ ಒಣಹಣ್ಣು. ನಮ್ಮ ಹಬ್ಬದ ತಿಂಡಿಗಳಲ್ಲೇ ಈ ಎರಡು ಜಾತಿಗಳಿವೆ: ಹೋಳಿಗೆ ಅಂದಿನದು, ಚಕ್ಕುಲಿ ಉಂಡೆಗಳು ಡಬ್ಬಿಯವು. ಡಬ್ಬಿಯದನ್ನು ಹಬ್ಬಕ್ಕೆ ಮುಂಚೆ ಕದಿಯುವ ಸಂಭ್ರಮ ಹೋಳಿಗೆಗೆ ಇಲ್ಲ.

ಶ್ಟೊಲೆನ್ನನ್ನು ಕೊಯ್ಯುವುದಕ್ಕೂ ಒಂದು ಕ್ರಮವಿದೆ. ತುದಿಯಿಂದ ಶುರುಮಾಡುವುದಿಲ್ಲ. ದಿಂಡನ್ನು ಸರಿಯಾಗಿ ನಡುವೆ ಎರಡು ಮಾಡಿ, ಒಳಭಾಗದಿಂದ ಬೇಕಾದಷ್ಟು ಹೋಳು ತೆಗೆದು, ಉಳಿದ ಎರಡು ತುಂಡುಗಳ ಕೊಯ್ದ ಮುಖಗಳನ್ನು ಒಂದಕ್ಕೊಂದು ತಾಗುವಂತೆ ಒತ್ತಿ ಮತ್ತೆ ಬಟ್ಟೆ ಸುತ್ತುತ್ತಾರೆ. ಹಾಗೆ ಮಾಡಿದರೆ ಗಾಳಿ ತಾಗುವ ಹಸಿ ಮುಖ ಹೊರಗೆ ಉಳಿಯುವುದಿಲ್ಲ. ಎರಡೂ ತುದಿಗಳಲ್ಲಿ ಬೆಣ್ಣೆ ಸಕ್ಕರೆಯ ಪದರ ಹಾಗೇ ಇರುತ್ತದೆ. ದಿನದಿಂದ ದಿನಕ್ಕೆ ಗಿಡ್ಡವಾಗುತ್ತ ಹೋದರೂ ಕೊನೆಯ ಹೋಳಿನವರೆಗೆ ಅದು ಹೊರಗಿನಿಂದ ಕೊಯ್ಯದ ಇಡೀ ದಿಂಡಿನಂತೆಯೇ ಕಾಣುತ್ತದೆ.